ಬಳಸಿದ ಹಿತ್ತಾಳೆ ತೋಟಾಗಳು ಮತ್ತು ಮರುಭರ್ತಿ ಉಪಕರಣಗಳು: ಕಾನೂನಿನ ಸ್ಥಿತಿ ಹಾಗೂ ಪರವಾನಗಿದಾರರು ತಿಳಿದಿರಬೇಕಾದ ಸಂಗತಿಗಳು

1. ಪೀಠಿಕೆ

ಆಯುಧ ಪರವಾನಗಿಯನ್ನು ಹೊಂದಿರುವ ಅಥವಾ ಅದಕ್ಕಾಗಿ ಅರ್ಜಿ ಸಲ್ಲಿಸುವ ನಾಗರಿಕರು ಬಂದೂಕಿಗೆ ಸಂಬಂಧಿಸಿದ ನಿಯಮಗಳನ್ನು ಸಾಮಾನ್ಯವಾಗಿ ತಿಳಿದುಕೊಂಡಿರುತ್ತಾರೆ. ಆದರೆ ಹಾರಿಸಿದ ನಂತರ ಉಳಿಯುವ ಹಿತ್ತಾಳೆಯ ಖಾಲಿ ತೋಟಾ ಹಾಗೂ ಅದನ್ನು ಮತ್ತೆ ಬಳಕೆಗೆ ಸಿದ್ಧಪಡಿಸುವ ಉಪಕರಣಗಳ ವಿಷಯದಲ್ಲಿ ಅನೇಕರಿಗೆ ಸ್ಪಷ್ಟತೆ ಇರುವುದಿಲ್ಲ. ಹೊರದೇಶಗಳಲ್ಲಿ ಇಂತಹ ಉಪಕರಣಗಳು ಅಂಗಡಿಗಳಲ್ಲಿ ಮುಕ್ತವಾಗಿ ದೊರೆಯುತ್ತವೆ. ಅವುಗಳನ್ನು ಬಳಸುವ ವಿಧಾನವನ್ನು ತೋರಿಸುವ ದೃಶ್ಯಾವಳಿಗಳು ಅಂತರ್ಜಾಲದಲ್ಲಿ ಹೇರಳವಾಗಿವೆ. ಇವುಗಳನ್ನು ನೋಡಿದವರು, ಪರವಾನಗಿ ಇರುವ ಬಂದೂಕಿಗೆ ತಾವೇ ತೋಟಾ ತುಂಬಿಕೊಂಡರೆ ತಪ್ಪೇನು ಎಂದು ಭಾವಿಸುವುದು ಸಹಜ. ಭಾರತದ ಕಾನೂನಿನಲ್ಲಿ ಇದಕ್ಕೆ ದೊರೆಯುವ ಉತ್ತರವು ಬಹಳ ಕಠಿಣವಾದುದು. ತಿಳಿಯದೆ ಮಾಡಿದ ಕಾರ್ಯಕ್ಕೂ ದೀರ್ಘಾವಧಿಯ ಕಾರಾವಾಸದ ಆರೋಪ ಎದುರಾಗಬಹುದಾದ ಕಾರಣ, ವಿಷಯವನ್ನು ಇಲ್ಲಿ ವಿವರವಾಗಿ ಪರಿಶೀಲಿಸಲಾಗಿದೆ.

2. ತೋಟಾದ ರಚನೆ ಮತ್ತು ಹಿತ್ತಾಳೆಯ ಮಹತ್ವ

ತೋಟಾದಲ್ಲಿ ನಾಲ್ಕು ಭಾಗಗಳಿವೆ: ಹೊರಗಿನ ಕವಚ, ಅದರ ತಳದಲ್ಲಿರುವ ಕೇಪು, ಒಳಗಿನ ಮದ್ದು ಹಾಗೂ ಮುಂತುದಿಯಲ್ಲಿರುವ ಗುಂಡು. ಕುದುರೆ ಬಿದ್ದಾಗ ಕೇಪು ಸಿಡಿದು, ಮದ್ದು ಉರಿದು, ಗುಂಡು ನಳಿಗೆಯಿಂದ ಹೊರಹೋಗುತ್ತದೆ. ಕೇಪು, ಮದ್ದು, ಗುಂಡು ಈ ಮೂರೂ ಒಮ್ಮೆಗೆ ಮುಗಿಯುತ್ತವೆ; ಕವಚ ಮಾತ್ರ ಉಳಿಯುತ್ತದೆ. ತೋಟಾದ ಬೆಲೆಯಲ್ಲಿ ಗಣನೀಯ ಪಾಲು ಈ ಕವಚದ್ದೇ ಆಗಿರುವುದರಿಂದ ಮರುಭರ್ತಿಯ ಪದ್ಧತಿ ಹುಟ್ಟಿಕೊಂಡಿತು.

ಕವಚಕ್ಕೆ ಬಳಸುವ ಹಿತ್ತಾಳೆಯಲ್ಲಿ ಸುಮಾರು ಶೇಕಡ 70 ತಾಮ್ರ ಮತ್ತು ಶೇಕಡ 30 ಸತು ಇರುತ್ತದೆ. ಈ ಮಿಶ್ರಲೋಹವು ಒತ್ತಡಕ್ಕೆ ಹಿಗ್ಗಿ ನಳಿಗೆಯ ಗೋಡೆಗೆ ಅಂಟಿಕೊಂಡು ಅನಿಲವು ಹಿಂದಕ್ಕೆ ಬರದಂತೆ ತಡೆಯುತ್ತದೆ. ಒತ್ತಡ ಇಳಿದ ಕೂಡಲೇ ಸ್ವಲ್ಪ ಕುಗ್ಗಿ ಹೊರತೆಗೆಯಲು ಸುಲಭವಾಗುತ್ತದೆ. ಆದರೆ ಪೂರ್ತಿಯಾಗಿ ಮೊದಲಿನ ಅಳತೆಗೆ ಮರಳುವುದಿಲ್ಲ. ಆದ್ದರಿಂದಲೇ ಮರುಬಳಕೆಗೆ ಮುನ್ನ ಅದನ್ನು ಸಿದ್ಧಪಡಿಸುವ ಅಗತ್ಯ ಉಂಟಾಗುತ್ತದೆ.

ಎಲ್ಲ ತೋಟಾಗಳೂ ಮರುಭರ್ತಿಗೆ ಒದಗುವುದಿಲ್ಲ. ಕ್ರೀಡಾ ತರಬೇತಿಯಲ್ಲಿ ಬಳಸುವ .22 ರಿಮ್‌ಫೈರ್ ತೋಟಾದಲ್ಲಿ ಸಿಡಿಯುವ ವಸ್ತುವು ಕವಚದ ಅಂಚಿನೊಳಗೇ ಇರುವುದರಿಂದ ಅದನ್ನು ಬದಲಾಯಿಸಲು ಬರುವುದಿಲ್ಲ. ಮಧ್ಯದಲ್ಲಿ ಕೇಪು ಇರುವ ತೋಟಾಗಳಲ್ಲಿಯೂ ಎರಡು ಬಗೆಗಳಿವೆ. ಬಾಕ್ಸರ್ ಮಾದರಿಯಲ್ಲಿ ಕಿಡಿ ಹಾಯುವ ರಂಧ್ರವು ನಡುವೆ ಒಂದೇ ಇರುತ್ತದೆ. ಹಳೆಯ ಕೇಪನ್ನು ಸೂಜಿಯಿಂದ ನೂಕಿ ತೆಗೆಯಬಹುದು. ಬರ್ಡನ್ ಮಾದರಿಯಲ್ಲಿ ರಂಧ್ರಗಳು ಪಕ್ಕದಲ್ಲಿರುವುದರಿಂದ ಈ ಕೆಲಸ ಕಷ್ಟಕರ. 1860ರ ದಶಕದಲ್ಲಿ ರೂಪುಗೊಂಡ ಈ ಎರಡು ಮಾದರಿಗಳಿಗೆ ಬ್ರಿಟಿಷ್ ಸೇನಾಧಿಕಾರಿ ಎಡ್ವರ್ಡ್ ಬಾಕ್ಸರ್ ಮತ್ತು ಅಮೆರಿಕದ ಹೈರಮ್ ಬರ್ಡನ್ ಅವರ ಹೆಸರುಗಳು ಬಂದಿವೆ.

3. ಸಿದ್ಧತಾ ಉಪಕರಣಗಳು ಯಾವುವು

ಹೊರದೇಶಗಳ ಮಾರುಕಟ್ಟೆಯಲ್ಲಿ ದೊರೆಯುವ ಉಪಕರಣಗಳನ್ನು ಗುರುತಿಸಲು ಅನುಕೂಲವಾಗುವಂತೆ ಸಂಕ್ಷಿಪ್ತವಾಗಿ ಇಲ್ಲಿ ತಿಳಿಸಲಾಗಿದೆ.

(ಅ) ಶುಚಿಗೊಳಿಸುವ ಯಂತ್ರ: ಕಂಪಿಸುವ ಅಥವಾ ಉರುಳುವ ಪಾತ್ರೆಯಲ್ಲಿ ಅಕ್ರೋಟಿನ ಚಿಪ್ಪಿನ ಪುಡಿ, ಮೆಕ್ಕೆಜೋಳದ ದಿಂಡಿನ ಪುಡಿ ಅಥವಾ ನೀರಿನೊಡನೆ ಉಕ್ಕಿನ ಸಣ್ಣ ಕಡ್ಡಿಗಳನ್ನು ಹಾಕಿ ಕವಚಗಳ ಮಸಿಯನ್ನು ತೆಗೆಯಲಾಗುತ್ತದೆ. ಅಲ್ಟ್ರಾಸೋನಿಕ್ ತೊಟ್ಟಿಗಳೂ ಬಳಕೆಯಲ್ಲಿವೆ.

(ಆ) ಕೈಪ್ರೆಸ್ ಮತ್ತು ಅಚ್ಚುಗಳು: ಪ್ರೆಸ್‌ನಲ್ಲಿ ಅಳವಡಿಸಿದ ಗಟ್ಟಿ ಉಕ್ಕಿನ ಅಚ್ಚಿನೊಳಕ್ಕೆ ಕವಚವನ್ನು ಒತ್ತಿದಾಗ ಹಳೆಯ ಕೇಪು ಹೊರಬೀಳುತ್ತದೆ ಮತ್ತು ಹಿಗ್ಗಿದ ಕವಚವು ಅಳತೆಗೆ ಬರುತ್ತದೆ. ಪ್ರತಿ ಅಚ್ಚಿನ ಮೇಲೂ ಅದು ಯಾವ ಬೋರಿಗೆ ಸೇರಿದುದೆಂಬ ಗುರುತು ಇರುತ್ತದೆ.

(ಇ) ಉದ್ದ ಸರಿಪಡಿಸುವ ಸಾಧನ: ರೈಫಲ್ ತೋಟಾದ ಕವಚವು ಬಳಕೆಯಿಂದ ಉದ್ದವಾಗುತ್ತದೆ. ಕ್ಯಾಲಿಪರ್‌ನಿಂದ ಅಳೆದು, ಸಣ್ಣ ಕತ್ತರಣಾ ಯಂತ್ರದಿಂದ ಹೆಚ್ಚಿನ ಭಾಗವನ್ನು ತೆಗೆದು, ಬಾಯಿಯ ಅಂಚನ್ನು ಒಳಗೂ ಹೊರಗೂ ನುಣುಪುಗೊಳಿಸಲಾಗುತ್ತದೆ.

(ಈ) ಕೇಪಿನ ಗುಳಿಯನ್ನು ಕೆರೆದು ಶುಚಿಮಾಡುವ ಹಾಗೂ ಹೊಸ ಕೇಪನ್ನು ಕೂರಿಸುವ ಕೈಸಾಧನಗಳು.

(ಉ) ಕವಚದ ಕತ್ತಿನ ಭಾಗವನ್ನು ಕಾಯಿಸಿ ಮೆದುಗೊಳಿಸುವ ಸಾಧನ. ಪದೇ ಪದೇ ಹಿಗ್ಗಿ ಕುಗ್ಗಿದ ಹಿತ್ತಾಳೆಯು ಗಡುಸಾಗಿ ಸೀಳುವುದನ್ನು ತಡೆಯುವುದೇ ಇದರ ಉದ್ದೇಶ.

ಇವುಗಳಲ್ಲಿ ಕ್ಯಾಲಿಪರ್, ಶುಚಿಗೊಳಿಸುವ ಯಂತ್ರ ಮೊದಲಾದವು ಅಕ್ಕಸಾಲಿಗರ ಮತ್ತು ಲೇತ್ ಕೆಲಸದವರ ಬಳಿಯೂ ಇರುತ್ತವೆ. ಅವು ಸಾಮಾನ್ಯ ಉಪಕರಣಗಳು. ಆದರೆ ನಿರ್ದಿಷ್ಟ ಬೋರಿನ ಗುರುತುಳ್ಳ ಅಚ್ಚಿಗೆ ತೋಟಾ ತಯಾರಿಕೆಯ ಹೊರತು ಬೇರೆ ಉಪಯೋಗವಿಲ್ಲ. ಕಾನೂನಿನ ದೃಷ್ಟಿಯಿಂದ ಈ ವ್ಯತ್ಯಾಸ ಮುಖ್ಯವಾದುದು.

4. ಈಚಿನ ವರ್ಷಗಳಲ್ಲಿ ಆಸಕ್ತಿ ಹೆಚ್ಚಲು ಕಾರಣ

2020ರಲ್ಲಿ ಕೋವಿಡ್ ಸಾಂಕ್ರಾಮಿಕ ಹರಡಿದಾಗ ಅಮೆರಿಕದಲ್ಲಿ ಬಂದೂಕುಗಳ ಖರೀದಿ ಏರಿ, ತೋಟಾಗಳ ತೀವ್ರ ಕೊರತೆ ಉಂಟಾಯಿತು. 2022ರಲ್ಲಿ ಉಕ್ರೇನ್ ಯುದ್ಧ ಪ್ರಾರಂಭವಾದ ಮೇಲೆ ಮದ್ದಿನ ಕಚ್ಚಾವಸ್ತುವಾದ ನೈಟ್ರೋಸೆಲ್ಯುಲೋಸ್‌ಗೆ ಸೇನಾ ಬೇಡಿಕೆ ಹೆಚ್ಚಿ, ನಾಗರಿಕ ಬಳಕೆಯ ಮದ್ದಿನ ಪೂರೈಕೆಯ ಮೇಲೆಯೂ ಒತ್ತಡ ಬಿದ್ದಿತು. ಇದರಿಂದ ಆ ದೇಶಗಳಲ್ಲಿ ಖಾಲಿ ಹಿತ್ತಾಳೆಯನ್ನು ಸಂಗ್ರಹಿಸಿ ಮರುಭರ್ತಿ ಮಾಡುವ ಹವ್ಯಾಸಕ್ಕೆ ಮತ್ತಷ್ಟು ಪ್ರಚಾರ ದೊರೆಯಿತು. ಉಪಕರಣಗಳ ಜಾಹೀರಾತುಗಳು ಅಂತರ್ಜಾಲದ ಮೂಲಕ ಭಾರತದ ಓದುಗರನ್ನೂ ತಲುಪುತ್ತಿವೆ. ಜಾಹೀರಾತು ಗಡಿ ದಾಟಿ ಬರುತ್ತದೆ. ಆ ದೇಶದ ಕಾನೂನು ಅದರೊಡನೆ ಬರುವುದಿಲ್ಲ. ಗೊಂದಲಕ್ಕೆ ಮೂಲ ಇಲ್ಲಿದೆ.

5. ಇತರ ದೇಶಗಳಲ್ಲಿನ ಸ್ಥಿತಿ

ಅಮೆರಿಕದ 1968ರ ಬಂದೂಕು ನಿಯಂತ್ರಣ ಕಾನೂನಿನ ಅನ್ವಯ, ತೋಟಾ ತಯಾರಿಸಿ ಮಾರುವ ವ್ಯವಹಾರ ನಡೆಸುವವರಿಗೆ ಒಕ್ಕೂಟ ಸರ್ಕಾರದ ಪರವಾನಗಿ ಕಡ್ಡಾಯ. ಸ್ವಂತ ಬಳಕೆಗಾಗಿ ಮರುಭರ್ತಿ ಮಾಡಿಕೊಳ್ಳುವವರಿಗೆ ಆ ಪರವಾನಗಿ ಬೇಕಾಗಿಲ್ಲ. ಬ್ರಿಟನ್ನಿನಲ್ಲಿಯೂ ಕ್ರೀಡಾಪಟುಗಳು ಮರುಭರ್ತಿ ಮಾಡುತ್ತಾರೆ. ಆದರೆ 2006ರ ಕಾನೂನಿನ ಮೂಲಕ ಕೇಪುಗಳ ಮಾರಾಟವನ್ನು ನಿರ್ಬಂಧಿಸಿ, ಕೊಳ್ಳುವವರು ಪ್ರಮಾಣಪತ್ರ ಅಥವಾ ಇತರ ಅಧಿಕಾರವನ್ನು ತೋರಿಸಬೇಕೆಂದು ವಿಧಿಸಲಾಗಿದೆ. ಅಂದರೆ ಒಂದು ದೇಶವು ವ್ಯವಹಾರವನ್ನು ನಿಯಂತ್ರಿಸುತ್ತದೆ, ಮತ್ತೊಂದು ದೇಶವು ಸಿಡಿಯುವ ಭಾಗವನ್ನು ನಿಯಂತ್ರಿಸುತ್ತದೆ. ಭಾರತದ ಅಧಿನಿಯಮವು ಇವೆರಡಕ್ಕಿಂತ ವ್ಯಾಪಕವಾಗಿದ್ದು, ಭಾಗಗಳನ್ನೂ ಯಂತ್ರಗಳನ್ನೂ ಒಳಗೊಳ್ಳುತ್ತದೆ.

6. ಭಾರತದ ಕಾನೂನು

ಆಯುಧ ಅಧಿನಿಯಮ, 1959ರ ಕಲಂ 2ರಲ್ಲಿ ನೀಡಿರುವ ಮದ್ದುಗುಂಡಿನ ವ್ಯಾಖ್ಯೆಯು ತುಂಬಿದ ತೋಟಾಕ್ಕೆ ಸೀಮಿತವಾಗಿಲ್ಲ. ಮದ್ದುಗುಂಡಿನ ಭಾಗಗಳು ಹಾಗೂ ಮದ್ದುಗುಂಡನ್ನು ತಯಾರಿಸುವ ಯಂತ್ರಸಾಮಗ್ರಿಯೂ ಆ ವ್ಯಾಖ್ಯೆಯಲ್ಲಿ ಸೇರಿವೆ. ಆದ್ದರಿಂದ ತೋಟಾ ತಯಾರಿಕೆಗೆಂದೇ ಮಾಡಿದ ಅಚ್ಚನ್ನು ಬರಿಯ ಕಬ್ಬಿಣದ ಸಾಮಾನು ಎಂದು ಪರಿಗಣಿಸಲಾಗದು.

ಅಧಿನಿಯಮದ ಕಲಂ 3ರ ಪ್ರಕಾರ ಬಂದೂಕು ಮತ್ತು ಮದ್ದುಗುಂಡನ್ನು ಪಡೆಯಲು, ಹೊಂದಿರಲು ಮತ್ತು ಒಯ್ಯಲು ಪರವಾನಗಿ ಬೇಕು. ಕಲಂ 5ರ ಪ್ರಕಾರ ಅವುಗಳ ತಯಾರಿಕೆ, ಮಾರಾಟ, ವರ್ಗಾವಣೆ, ಪರಿವರ್ತನೆ, ದುರಸ್ತಿ ಮುಂತಾದವುಗಳಿಗೆ ಪ್ರತ್ಯೇಕ ಪರವಾನಗಿ ಬೇಕು. ಆಯುಧ ನಿಯಮಗಳು, 2016ರಲ್ಲಿಯೂ ಹೊಂದಿರುವ ಪರವಾನಗಿ ಮತ್ತು ತಯಾರಿಕೆಯ ಪರವಾನಗಿಗಳಿಗೆ ಬೇರೆ ಬೇರೆ ನಮೂನೆಗಳಿವೆ. ಬಂದೂಕು ಹೊಂದಿರುವ ಪರವಾನಗಿಯು ತೋಟಾ ಕೊಳ್ಳುವ ಹಕ್ಕನ್ನು ಅದರಲ್ಲಿ ನಮೂದಿಸಿದ ಸಂಖ್ಯೆಯವರೆಗೆ ಕೊಡುತ್ತದೆ. ತೋಟಾ ತಯಾರಿಸುವ ಅಧಿಕಾರವನ್ನು ತಾನಾಗಿಯೇ ಕೊಡುವುದಿಲ್ಲ. ಖಾಲಿ ಕವಚಕ್ಕೆ ಹೊಸ ಕೇಪು, ಮದ್ದು, ಗುಂಡು ಸೇರಿಸಿದಾಗ ಸಿದ್ಧವಾಗುವುದು ಹೊಸ ತೋಟಾ ಎಂಬುದನ್ನು ಮರೆಯಬಾರದು.

ಶಿಕ್ಷೆಯ ಪ್ರಮಾಣದಲ್ಲಿ ಈ ಎರಡು ಕಲಂಗಳ ನಡುವಿನ ಅಂತರ ದೊಡ್ಡದು. 2019ರ ತಿದ್ದುಪಡಿಯ ನಂತರ, ಕಲಂ 3ನ್ನು ಉಲ್ಲಂಘಿಸಿ ಬಂದೂಕು ಅಥವಾ ಮದ್ದುಗುಂಡು ಹೊಂದಿರುವವರಿಗೆ ಎರಡು ವರ್ಷಗಳಿಗೆ ಕಡಿಮೆಯಿಲ್ಲದ, ಐದು ವರ್ಷಗಳವರೆಗಿನ ಕಾರಾವಾಸ ಮತ್ತು ಜುಲ್ಮಾನೆ ಇದೆ. ಕಲಂ 5ನ್ನು ಉಲ್ಲಂಘಿಸಿ ತಯಾರಿಸಿದವರಿಗೆ ಏಳು ವರ್ಷಗಳಿಗೆ ಕಡಿಮೆಯಿಲ್ಲದ, ಜೀವಾವಧಿಯವರೆಗೆ ವಿಸ್ತರಿಸಬಹುದಾದ ಕಾರಾವಾಸ ಮತ್ತು ಜುಲ್ಮಾನೆ ಇದೆ. ತಿದ್ದುಪಡಿಗೆ ಮುನ್ನ ಇದು ಮೂರರಿಂದ ಏಳು ವರ್ಷಗಳಷ್ಟಿತ್ತು.

ಮತ್ತೊಂದು ಅಂಶವನ್ನೂ ಗಮನಿಸಬೇಕು. ಕಲಂ 3ರ ಅಪರಾಧಕ್ಕೆ ಅಭಿಯೋಜನೆ ಹೂಡಲು ಕಲಂ 39ರ ಅನ್ವಯ ಜಿಲ್ಲಾ ದಂಡಾಧಿಕಾರಿಯ ಪೂರ್ವ ಮಂಜೂರಾತಿ ಅಗತ್ಯ. ಕಲಂ 5ರ ಅಪರಾಧಕ್ಕೆ ಈ ಕಲಂ ಅನ್ವಯಿಸುವುದಿಲ್ಲ. ಅಕ್ರಮ ಕಾರ್ಖಾನೆ ನಡೆಸುವವರನ್ನು ಉದ್ದೇಶಿಸಿ ಬಿಗಿಗೊಳಿಸಿದ ಈ ಕಲಂನಲ್ಲಿ ಎಷ್ಟು ತೋಟಾ, ಯಾರ ಬಳಕೆಗೆ ಎಂಬ ಭೇದವಿಲ್ಲ. ತನ್ನ ಗದ್ದೆ ಕಾಯಲು ಹತ್ತು ತೋಟಾ ತುಂಬಿಕೊಂಡ ರೈತನೂ, ಮಾರಾಟಕ್ಕೆಂದು ಸಾವಿರ ತುಂಬಿದವನೂ ಒಂದೇ ಕಲಂನಡಿ ಬರುತ್ತಾರೆ. ಪ್ರಮಾಣದ ವ್ಯತ್ಯಾಸವನ್ನು ನ್ಯಾಯಾಲಯವು ಶಿಕ್ಷೆ ವಿಧಿಸುವಾಗ ಪರಿಗಣಿಸಬಹುದಾದರೂ, ಕನಿಷ್ಠ ಅವಧಿಯು ಏಳು ವರ್ಷಗಳೆಂಬುದು ಅಧಿನಿಯಮದಲ್ಲೇ ನಿಗದಿಯಾಗಿದೆ.

ಇದಲ್ಲದೆ ಮದ್ದು ಮತ್ತು ಕೇಪುಗಳು ಸ್ಫೋಟಕ ಅಧಿನಿಯಮ, 1884 ಹಾಗೂ ಸ್ಫೋಟಕ ನಿಯಮಗಳು, 2008ರ ವ್ಯಾಪ್ತಿಗೂ ಬರುತ್ತವೆ. ಪಟಾಕಿಯ ಮದ್ದನ್ನು ತೆಗೆದು ತೋಟಾಕ್ಕೆ ಬಳಸುವುದು ಕಾನೂನುಬಾಹಿರವಷ್ಟೇ ಅಲ್ಲ, ನಳಿಗೆ ಸಿಡಿದು ಹಾರಿಸಿದವರ ಕೈ, ಕಣ್ಣುಗಳಿಗೇ ಹಾನಿಯಾಗುವ ಕಾರ್ಯ.

7. ನೆನಪಿಗಾಗಿ ಇರಿಸಿಕೊಂಡ ಖಾಲಿ ತೋಟಾ ಅಪರಾಧವೇ?

ನಿವೃತ್ತ ಯೋಧರ, ಎನ್‌ಸಿಸಿ ಶಿಬಿರಕ್ಕೆ ಹೋಗಿಬಂದವರ ಮನೆಗಳಲ್ಲಿ ಒಂದೆರಡು ಖಾಲಿ ತೋಟಾಗಳು ಇರುವುದುಂಟು. ಅಧಿನಿಯಮದ ಕಲಂ 45 ಇಂತಹ ಸಂದರ್ಭಕ್ಕೆ ವಿನಾಯಿತಿಯನ್ನು ಕಲ್ಪಿಸಿದೆ. ಆಯುಧ ಅಥವಾ ಮದ್ದುಗುಂಡಿನ ಸಣ್ಣ ಭಾಗಗಳನ್ನು, ಅವುಗಳಿಗೆ ಪೂರಕವಾದ ಇತರ ಭಾಗಗಳೊಡನೆ ಬಳಸುವ ಉದ್ದೇಶವಿಲ್ಲದೆ ಹೊಂದಿದ್ದರೆ ಅಧಿನಿಯಮವು ಅನ್ವಯಿಸುವುದಿಲ್ಲ. ಬಳಸುವ ಉದ್ದೇಶವೇ ಇಲ್ಲಿ ನಿರ್ಣಾಯಕ. ಶೋಕೇಸಿನಲ್ಲಿರುವ ಒಂಟಿ ಖಾಲಿ ತೋಟಾ ಒಂದು ಬಗೆ. ಅದೇ ಬೋರಿನ ಅಚ್ಚು, ಕೇಪುಗಳ ಡಬ್ಬಿ ಮತ್ತು ಮದ್ದಿನ ಜೊತೆಯಲ್ಲಿ ದೊರೆತ ಖಾಲಿ ತೋಟಾ ಬೇರೊಂದು ಬಗೆ. ಎರಡನೆಯ ಸಂದರ್ಭದಲ್ಲಿ ವಿನಾಯಿತಿಯನ್ನು ಕೇಳುವುದು ಕಷ್ಟ.

ಹೊಂದಿರುವಿಕೆ ಎಂದರೆ ತಿಳಿವಳಿಕೆಯಿಂದ ಕೂಡಿದ ಹೊಂದಿರುವಿಕೆ ಎಂದು ಸರ್ವೋಚ್ಚ ನ್ಯಾಯಾಲಯವು 1972ರ ಗುಣವಂತಲಾಲ್ ಪ್ರಕರಣದಲ್ಲಿ ವಿವರಿಸಿದೆ. ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ ಚೀಲದ ಮೂಲೆಯಲ್ಲಿ ಮರೆತುಹೋಗಿದ್ದ ತೋಟಾ ಸಿಕ್ಕಿದ ಹಲವು ಪ್ರಕರಣಗಳನ್ನು ಉಚ್ಚ ನ್ಯಾಯಾಲಯಗಳು ಈ ತತ್ವದ ಮೇಲೆ ರದ್ದುಪಡಿಸಿವೆ. ಆದರೆ ಅಲ್ಲಿಯವರೆಗೆ ಪ್ರಯಾಣ ತಪ್ಪುವುದು, ದೂರು ದಾಖಲಾಗುವುದು, ಪಾಸ್‌ಪೋರ್ಟ್ ಪರಿಶೀಲನೆಯಲ್ಲಿ ತೊಡಕಾಗುವುದು ನಾಗರಿಕರೇ ಅನುಭವಿಸಬೇಕಾದ ತೊಂದರೆಗಳು. ಖಾಲಿ ತೋಟಾದಿಂದ ಮಾಡಿದ ಕೀಲಿಗೊಂಚಲನ್ನೂ ವಿಮಾನ ಪ್ರಯಾಣದಲ್ಲಿ ಕೊಂಡೊಯ್ಯದಿರುವುದು ಲೇಸು.

8. ಕೊಡಗಿನ ವಿನಾಯಿತಿ

ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧ ಪರವಾನಗಿಯಿಂದ ಇರುವ ವಿನಾಯಿತಿಯು ಬ್ರಿಟಿಷರ ಕಾಲದಿಂದ ಮುಂದುವರಿದುಬಂದಿದೆ. ಕೇಂದ್ರ ಸರ್ಕಾರವು 2019ರ ಅಕ್ಟೋಬರ್‌ನಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಅದರ ಸಿಂಧುತ್ವವನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2021ರ ಸೆಪ್ಟೆಂಬರ್‌ನಲ್ಲಿ ಎತ್ತಿಹಿಡಿಯಿತು. ಈ ವಿನಾಯಿತಿಯು ನಿರ್ದಿಷ್ಟ ಬಗೆಯ ಕೋವಿ ಮತ್ತು ಮದ್ದುಗುಂಡನ್ನು ಹೊಂದಿರುವುದಕ್ಕೆ ಹಾಗೂ ಒಯ್ಯುವುದಕ್ಕೆ ಸಂಬಂಧಿಸಿದೆ. ಮಾರಾಟಕ್ಕೋ ಬಳಕೆಗೋ ತೋಟಾ ತಯಾರಿಸುವ ಪರವಾನಗಿಗೆ ಅದು ಬದಲಿಯಾಗುತ್ತದೆಂದು ಭಾವಿಸಬಾರದು. ವಿನಾಯಿತಿ ಪಡೆದವರೂ ಸಂದೇಹವಿದ್ದಲ್ಲಿ ಜಿಲ್ಲಾಧಿಕಾರಿಗಳ ಕಚೇರಿಯಿಂದ ಲಿಖಿತ ಸ್ಪಷ್ಟೀಕರಣ ಪಡೆಯುವುದು ಸೂಕ್ತ.

9. ಅಟ್ಟದ ಮೇಲಿನ ಹಳೆಯ ಪೆಟ್ಟಿಗೆ

ಮಲೆನಾಡು, ಕೊಡಗು ಮೊದಲಾದ ಕಡೆ ಹಿರಿಯರ ಕಾಲದ ಕೋವಿಗಳು ಇರುವ ಮನೆಗಳುಂಟು. ಹಿಂದೆ ಪೂರ್ಣ ಹಿತ್ತಾಳೆಯ 12 ಬೋರ್ ತೋಟಾಗಳು ಬಳಕೆಯಲ್ಲಿದ್ದು, ಕೇಪು ತೆಗೆಯುವ ಚಿಮಟ, ಮದ್ದು ಅಳೆಯುವ ಸೇರು, ಬಾಯಿ ಮಡಚುವ ಸಣ್ಣ ತಿರುಗಣೆ ಮುಂತಾದವು ಕೋವಿಯೊಡನೆ ಪೆಟ್ಟಿಗೆಯಲ್ಲಿ ಇರುತ್ತಿದ್ದವು. ಪರವಾನಗಿದಾರರು ನಿಧನರಾದಾಗ ಇವೆಲ್ಲ ವಾರಸುದಾರರ ಕೈಗೆ ಬರುತ್ತವೆ. ಅವರಲ್ಲಿ ಅನೇಕರು ಬೇರೆ ಊರಿನಲ್ಲಿ ಉದ್ಯೋಗದಲ್ಲಿರುವವರು. ಪೆಟ್ಟಿಗೆಯಲ್ಲಿ ಏನಿದೆ ಎಂಬುದೇ ಅವರಿಗೆ ತಿಳಿದಿರುವುದಿಲ್ಲ.

ಅಧಿನಿಯಮದ ಕಲಂ 21ರ ಪ್ರಕಾರ, ಹೊಂದಿರುವಿಕೆಯು ಕಾನೂನುಬದ್ಧವಾಗಿ ಉಳಿಯದ ಆಯುಧ ಮತ್ತು ಮದ್ದುಗುಂಡನ್ನು ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಡತಕ್ಕದ್ದು. ಕೋವಿಯನ್ನು ಮಾತ್ರ ಠೇವಣಿ ಇಟ್ಟು ಪೆಟ್ಟಿಗೆಯನ್ನು ಅಟ್ಟದ ಮೇಲೆ ಬಿಟ್ಟರೆ ಕರ್ತವ್ಯ ಪೂರ್ಣವಾಗದು. ತುಂಬಿದ ಹಳೆಯ ತೋಟಾ, ಕೇಪುಗಳ ಡಬ್ಬಿ ಅಥವಾ ಮದ್ದಿನ ಪುಡಿ ಕಂಡುಬಂದಲ್ಲಿ ಅವುಗಳನ್ನು ಅಲುಗಾಡಿಸದೆ, ಬಿಚ್ಚಲು ಪ್ರಯತ್ನಿಸದೆ, ಠಾಣೆಗೆ ಮೊದಲು ತಿಳಿಸಬೇಕು. ಹಳೆಯ ಹಿತ್ತಾಳೆಯನ್ನು ಗುಜರಿಗೆ ತೂಕಕ್ಕೆ ಹಾಕುವುದೂ ಅಪಾಯಕರ. ಬೆಂಕಿಗೆ ಬಿದ್ದಾಗ ಒಂದು ಸಿಡಿಯದ ಕೇಪು ಸಹ ಕುಲುಮೆಯ ಮುಂದೆ ಕುಳಿತ ಕೆಲಸಗಾರನ ಕಣ್ಣನ್ನು ತೆಗೆಯಬಲ್ಲದು.

ಪರವಾನಗಿದಾರರು ಜೀವಿತರಿರುವಾಗಲೇ ವ್ಯವಸ್ಥೆ ಮಾಡಿಕೊಳ್ಳಲು ಅವಕಾಶವಿದೆ. 70 ವರ್ಷ ವಯಸ್ಸಾದವರು ಅಥವಾ 25 ವರ್ಷಗಳ ಕಾಲ ಆಯುಧವನ್ನು ಹೊಂದಿದ್ದವರು, ಯಾವುದು ಮೊದಲೋ ಅದರಂತೆ, ತಾವು ಸೂಚಿಸಿದ ಅರ್ಹ ವಾರಸುದಾರರ ಹೆಸರಿಗೆ ಪರವಾನಗಿ ನೀಡುವಂತೆ ಕೋರಬಹುದು. ಈ ಸಂದರ್ಭದಲ್ಲಿ ಪೆಟ್ಟಿಗೆಯನ್ನು ತೆರೆದು, ಇರುವ ವಸ್ತುಗಳ ಪಟ್ಟಿ ಮಾಡಿ, ಅರ್ಜಿಯೊಡನೆ ತಿಳಿಸಿದರೆ ಮುಂದಿನ ತಲೆಮಾರಿಗೆ ತೊಡಕು ಉಳಿಯದು.

10. ವಿದೇಶದಿಂದ ತರುವವರಿಗೆ ಸೂಚನೆ

ವಿದೇಶದಲ್ಲಿ ನೆಲೆಸಿದ ಕನ್ನಡಿಗರು ಸ್ವದೇಶಕ್ಕೆ ಮರಳುವಾಗ ಅಲ್ಲಿ ಕಾನೂನುಬದ್ಧವಾಗಿ ಕೊಂಡ ಮರುಭರ್ತಿ ಪ್ರೆಸ್, ಅಚ್ಚು, ಖಾಲಿ ಹಿತ್ತಾಳೆಗಳನ್ನು ಮನೆಸಾಮಾನಿನೊಡನೆ ಕಳುಹಿಸುವ ಸಾಧ್ಯತೆ ಇದೆ. ಕಲಂ 10ರ ಪ್ರಕಾರ ಆಯುಧ ಮತ್ತು ಮದ್ದುಗುಂಡನ್ನು ಸಮುದ್ರ, ಭೂಮಿ ಅಥವಾ ವಾಯು ಮಾರ್ಗದಿಂದ ತರಲು ಪರವಾನಗಿ ಬೇಕು. ಮದ್ದುಗುಂಡಿನ ವ್ಯಾಖ್ಯೆಯು ಯಂತ್ರಗಳನ್ನೂ ಒಳಗೊಂಡಿರುವುದರಿಂದ, ಇಂತಹ ವಸ್ತುಗಳನ್ನು ಕಳುಹಿಸುವ ಮುನ್ನವೇ ಪರವಾನಗಿ ಪ್ರಾಧಿಕಾರ ಹಾಗೂ ಸುಂಕ ಇಲಾಖೆಯಿಂದ ಲಿಖಿತ ಮಾಹಿತಿ ಪಡೆಯತಕ್ಕದ್ದು. ಸರಕು ಬಂದರಿಗೆ ಬಂದ ಮೇಲೆ ವಿವರಣೆ ಕೊಡುವುದಕ್ಕಿಂತ ಅಲ್ಲಿಯೇ ವಿಲೇವಾರಿ ಮಾಡಿ ಬರುವುದು ಸುಲಭ.

11. ಸುರಕ್ಷತೆಯ ದೃಷ್ಟಿ

ಮರುಭರ್ತಿಯು ಕಾನೂನುಬದ್ಧವಾಗಿರುವ ದೇಶಗಳಲ್ಲಿಯೂ ಅದು ಅಪಾಯರಹಿತವೆಂದು ಯಾರೂ ಹೇಳುವುದಿಲ್ಲ. ಹಲವು ಬಾರಿ ಬಳಸಿದ ಕವಚವು ತಳಕ್ಕೆ ಸ್ವಲ್ಪ ಮೇಲೆ ತೆಳುವಾಗಿ, ಹೊಳೆಯುವ ಗೆರೆಯಂತೆ ಕಾಣಿಸಿಕೊಂಡು, ಹಾರಿಸಿದಾಗ ಎರಡು ತುಂಡಾಗಬಹುದು. ಆಗ ಬಿಸಿ ಅನಿಲವು ಹಾರಿಸಿದವರ ಮುಖದ ಕಡೆಗೆ ಬರುತ್ತದೆ. ಒಂದೇ ಕವಚಕ್ಕೆ ಎರಡು ಬಾರಿ ಮದ್ದು ಬಿದ್ದರೆ ಬಂದೂಕೇ ಒಡೆಯಬಹುದು. ಸಾಮಾನ್ಯ ಕೇಪುಗಳಲ್ಲಿ ಸೀಸದ ಸಂಯುಕ್ತವಿರುವುದರಿಂದ ಖಾಲಿ ಕವಚಗಳನ್ನು ಒಣಪುಡಿಯಲ್ಲಿ ಉರುಳಿಸಿ ಶುಚಿಮಾಡುವಾಗ ಏಳುವ ಧೂಳಿನಲ್ಲಿ ಸೀಸ ಇರುತ್ತದೆ. ಮನೆಯೊಳಗೆ ಈ ಕೆಲಸ ಮಾಡಿದರೆ ಮಕ್ಕಳ ಆರೋಗ್ಯಕ್ಕೆ ವಿಶೇಷ ಹಾನಿ. ಖಾಲಿ ತೋಟಾಗಳನ್ನು ಮುಟ್ಟಿದ ನಂತರ ಕೈ ತೊಳೆಯಬೇಕೆಂಬ ಸರಳ ನಿಯಮಕ್ಕೆ ಕಾರಣವೂ ಇದೇ.

12. ಪರವಾನಗಿದಾರರು ಮತ್ತು ಅರ್ಜಿದಾರರು ಪಾಲಿಸಬೇಕಾದ ಕ್ರಮಗಳು

1) ತೋಟಾಗಳನ್ನು ಪರವಾನಗಿ ಪಡೆದ ವ್ಯಾಪಾರಿಯಿಂದ ಮಾತ್ರ, ನಮೂದಿಸಿದ ಸಂಖ್ಯೆಯೊಳಗೆ, ಪರವಾನಗಿ ಪುಸ್ತಕದಲ್ಲಿ ದಾಖಲಿಸಿ ಕೊಳ್ಳತಕ್ಕದ್ದು. ಬಿಲ್ಲುಗಳನ್ನು ಕಾಪಾಡಿಕೊಳ್ಳುವುದು.

2) ಬಳಸಿದ ತೋಟಾಗಳ ಲೆಕ್ಕವನ್ನು ದಿನಾಂಕ ಸಹಿತ ಒಂದು ಪುಸ್ತಕದಲ್ಲಿ ಬರೆದಿಡುವುದು. ಖಾಲಿ ತೋಟಾಗಳ ಬಗ್ಗೆ ಪರವಾನಗಿಯಲ್ಲಿ ಷರತ್ತು ಇದ್ದಲ್ಲಿ ಅದನ್ನು ಪಾಲಿಸುವುದು. ಷರತ್ತಿನ ಉಲ್ಲಂಘನೆಗೆ ಕಲಂ 30ರಡಿ ಪ್ರತ್ಯೇಕ ಶಿಕ್ಷೆ ಇದೆ. ಪರವಾನಗಿಯ ರದ್ದತಿಗೂ ಅದು ಕಾರಣವಾಗಬಹುದು.

3) ಖಾಲಿ ತೋಟಾಗಳನ್ನು ಪರಿಚಯವಿಲ್ಲದವರಿಗೆ ಕೊಡುವುದು, ಗುಜರಿಗೆ ಹಾಕುವುದು ಅಥವಾ ಅಂತರ್ಜಾಲದ ಮೂಲಕ ಮಾರುವುದು ಸಲ್ಲದು. ಸೇನೆಯ ಗುಂಡು ಅಭ್ಯಾಸದ ಬಯಲಿನಿಂದ ಲೋಹದ ತುಂಡುಗಳನ್ನು ಆಯಬಾರದು. ಅವುಗಳಲ್ಲಿ ಸಿಡಿಯದ ಮದ್ದುಗುಂಡು ಇರಬಹುದು.

4) ತೋಟಾ ತಯಾರಿಕೆಯ ಅಚ್ಚು, ಪ್ರೆಸ್ ಮುಂತಾದವುಗಳನ್ನು ಅಂತರ್ಜಾಲದಲ್ಲಿ ತರಿಸಿಕೊಳ್ಳಬಾರದು. ಅಂಗಡಿಯವರು ಕಳುಹಿಸಲು ಒಪ್ಪಿದರೆಂಬುದು ಕಾನೂನಿನ ಅನುಮತಿಯಲ್ಲ.

5) ಅಭಯಾರಣ್ಯದ 10 ಕಿ.ಮೀ. ವ್ಯಾಪ್ತಿಯಲ್ಲಿ ವಾಸಿಸುವ ಪರವಾನಗಿದಾರರು ಹಾಗೂ ವಿನಾಯಿತಿ ಪಡೆದವರು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಕಲಂ 34ರ ಅನ್ವಯ ನೋಂದಣಿ ಮಾಡಿಸಿಕೊಳ್ಳಬೇಕಾಗಿದೆ ಎಂಬುದನ್ನೂ ಗಮನಿಸುವುದು.

6) ಒಬ್ಬ ಪರವಾನಗಿದಾರರು ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು 2019ರ ತಿದ್ದುಪಡಿಯು ಮೂರರಿಂದ ಎರಡಕ್ಕೆ ಇಳಿಸಿದೆ, ಪರವಾನಗಿಯ ಅವಧಿಯನ್ನು ಮೂರು ವರ್ಷಗಳಿಂದ ಐದು ವರ್ಷಗಳಿಗೆ ಏರಿಸಿದೆ. ನವೀಕರಣದ ಅರ್ಜಿಯಲ್ಲಿ ತೋಟಾಗಳ ದಾಸ್ತಾನನ್ನು ಸರಿಯಾಗಿ ತೋರಿಸುವುದು.

13. ಸಮಾರೋಪ

ಖಾಲಿ ಹಿತ್ತಾಳೆಯ ತುಂಡೊಂದು ತನ್ನಷ್ಟಕ್ಕೆ ಯಾರಿಗೂ ಹಾನಿ ಮಾಡದು. ಅದರೊಡನೆ ಏನಿದೆ, ಅದನ್ನು ಏಕೆ ಇರಿಸಿಕೊಳ್ಳಲಾಗಿದೆ ಎಂಬುದರ ಮೇಲೆ ಕಾನೂನಿನ ದೃಷ್ಟಿ ನಿಂತಿದೆ. ಬೆಳೆ ರಕ್ಷಣೆಗೋ ಆತ್ಮರಕ್ಷಣೆಗೋ ಕ್ರೀಡೆಗೋ ನ್ಯಾಯವಾಗಿ ಪರವಾನಗಿ ಪಡೆದವರು, ಕೆಲವು ನೂರು ರೂಪಾಯಿಗಳ ಉಳಿತಾಯಕ್ಕಾಗಿ ತಮ್ಮ ಪರವಾನಗಿಯನ್ನೂ ಸ್ವಾತಂತ್ರ್ಯವನ್ನೂ ಪಣಕ್ಕೊಡ್ಡುವ ಸ್ಥಿತಿ ಬರಬಾರದು. ಸಂದೇಹವಿರುವವರು ತಮ್ಮ ಜಿಲ್ಲೆಯ ಪರವಾನಗಿ ಪ್ರಾಧಿಕಾರವಾದ ಜಿಲ್ಲಾ ದಂಡಾಧಿಕಾರಿಗಳ ಕಚೇರಿಯ ಆಯುಧ ಶಾಖೆಯನ್ನು, ಬೆಂಗಳೂರು ನಗರದಲ್ಲಿ ಪೊಲೀಸ್ ಆಯುಕ್ತರ ಕಚೇರಿಯನ್ನು ಲಿಖಿತವಾಗಿ ಸಂಪರ್ಕಿಸಿ, ಉತ್ತರ ಬಂದ ನಂತರವೇ ಮುಂದುವರಿಯತಕ್ಕದ್ದು. ಈ ಪುಟದ ವಿವರಣೆಯು ಸಾರ್ವಜನಿಕರ ಮಾಹಿತಿಗಾಗಿ ಮಾತ್ರ. ಅಧಿನಿಯಮ ಮತ್ತು ನಿಯಮಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ.